ಹದಿನಾಲ್ಕು ಕೆಜಿ ತಂಗಿ

ನಮ್ಮವರು ನೀರು ಸರಬರಾಜು ಕಚೇರಿಯಲ್ಲಿ ಸ್ಟೋರ್ ಕೀಪರ್. ಇಪ್ಪತ್ತೆರಡು ವರ್ಷಗಳಿಂದ ಆ ಉಗ್ರಾಣದ ಒಳಕ್ಕೆ ಹೋದ ಸಾಮಾನು ಹೊರಕ್ಕೆ ಬಂದದ್ದನ್ನು ಕಣ್ಣಾರೆ ಕಂಡವರು ಕಡಿಮೆ. ನಲ್ಲಿ, ವಾಲ್ವು, ವಾಷರು, ಏನು ಕೇಳಿದರೂ "ಇದೆ, ಜೋಪಾನವಾಗಿದೆ" ಎನ್ನುತ್ತಾರೆಯೇ ಹೊರತು ಕೊಡುವ ಮಾತಿಲ್ಲ. ಒಬ್ಬ ಪ್ಲಂಬರ್ ಅರ್ಧ ಇಂಚಿನ ವಾಷರಿಗೆ ಅರ್ಜಿ ಹಾಕಿ, ಕಾದು ಕಾದು ನಿವೃತ್ತನೇ ಆದ. ಬೀಳ್ಕೊಡುಗೆಯ ದಿನ ಇವರು ಅದೇ ವಾಷರನ್ನು ಬಣ್ಣದ ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟರು. ಕೊಟ್ಟ ಮೇಲೆ ಒಂದು ವಾರ ಊಟ ಸೇರಲಿಲ್ಲ.

ಮನೆಯಲ್ಲೂ ಅದೇ ಕಥೆ. ಕತ್ತರಿ ಬೇಕೆಂದರೆ ಬೀರುವಿನ ಬೀಗ ತೆಗೆಯಬೇಕು, ದೊಡ್ಡ ಡಬ್ಬಿಯೊಳಗಿನ ಸಣ್ಣ ಡಬ್ಬಿ ತೆಗೆಯಬೇಕು, ಅದರ ಮೇಲೆ ಅಂಟಿಸಿದ ಚೀಟಿ ಓದಬೇಕು: "ಕತ್ತರಿ. ಹರಿತ. ಜೋಪಾನ." ಮದುವೆಯಾದ ಎಂಟು ವರ್ಷದಿಂದ ನಾನು ದಾರವನ್ನು ಹಲ್ಲಿನಲ್ಲೇ ಕಚ್ಚಿ ಹರಿಯುತ್ತಿದ್ದೇನೆ. ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಮುಂದೆ ನಡೆದ ರಾದ್ಧಾಂತಕ್ಕೆಲ್ಲ ಈ ಜೋಪಾನವೇ ಕಾರಣ. ಬೀದಿಯ ಜನ ಬೇರೆ ಏನೇನೋ ಹೇಳುತ್ತಾರೆ. ನಂಬಬೇಡಿ.

ನಮ್ಮ ಮಗಳಿಗೆ ನಾಲ್ಕೂವರೆ ವರ್ಷ. ಕರೆಯುವುದು ಚೂಟಿ ಎಂದು. ಸ್ಕೂಲು ಶುರುವಾಗಿ ಮೂರು ವಾರವಾದರೂ ಅವಳು ಸ್ಕೂಲಿನ ಗೇಟು ದಾಟಿರಲಿಲ್ಲ. ಗೇಟಿನ ಕಂಬ ಕಂಡದ್ದೇ ತಡ, ತಬ್ಬಿಕೊಂಡು ಕಿರುಚಲು ಶುರು. ಒಂದು ಬೆರಳು ಬಿಡಿಸುವಷ್ಟರಲ್ಲಿ ಇನ್ನೊಂದು ಬೆರಳು ಅಂಟಿಕೊಂಡಿರುತ್ತಿತ್ತು. ಸ್ಕೂಲಿನ ಆಯಾ, ನಾನು, ಇವರು, ಮೂವರೂ ಸೇರಿ ಎಳೆದಾಗ ಕಂಬ ಅಲ್ಲಾಡಿತೇ ಹೊರತು ಚೂಟಿ ಅಲ್ಲಾಡಲಿಲ್ಲ. ಕೊನೆಗೆ ಟೀಚರು, "ಇನ್ನೊಂದು ವಾರ ಮನೇಲಿ ಇರ್ಲಿ. ಆಮೇಲಿನ ಸೋಮವಾರ ಕರ್ಕೊಂಡು ಬನ್ನಿ. ಆಗಲೂ ಹೀಗೇ ಆದ್ರೆ ಈ ವರ್ಷ ಬೇಡ" ಎಂದುಬಿಟ್ಟರು. ಮಗುವಿನ ಕೈಹಿಡಿದು ವಾಪಸು ಬರುವಾಗ ಇವರ ಮುಖ ನೋಡಲಾಗುತ್ತಿರಲಿಲ್ಲ.

ಆ ಭಾನುವಾರ ನನ್ನ ಅಕ್ಕ, ಭಾವ ಬಂದರು. ಭಾವ ಎಂದರೆ ಇವರ ಷಡ್ಡಕ. ಹೊಸದಾಗಿ ಕಾರು ಕೊಂಡಿದ್ದರು. ಕಾರು ನಿಂತದ್ದು ಬೀದಿಯಲ್ಲಾದರೂ ಓಡಾಡಿದ್ದೆಲ್ಲ ನಮ್ಮ ನಡುಮನೆಯಲ್ಲೇ. ಅದರ ಗಾಳಿ, ಅದರ ಸೀಟು, ಅದರ ಹಾರ್ನು ಎಲ್ಲ ಮುಗಿದ ಮೇಲೆ ಭಾವ ಚೂಟಿಯ ತಲೆ ಸವರಿ, "ಪಾಪ, ಮಗೂಗೂ ಬೇಜಾರಿರುತ್ತೆ ಕಣ್ರೀ. ಕಾರಲ್ಲಿ ಬಿಟ್ರೆ ಕುಣ್ಕೊಂಡು ಹೋಗ್ತಾಳೆ. ನಿಮ್ದು ಸೈಕಲ್ಲು. ಅದಕ್ಕೇನು ಮಾಡೋಕಾಗುತ್ತೆ?" ಎಂದರು.

ಇವರು ಕಾಫಿ ಲೋಟ ಕೆಳಗಿಟ್ಟರು. "ಸೈಕಲ್ಲೇ. ಆದ್ರೆ ಹಿಂದ್ಗಡೆ ಗಾಡಿ ಬರ್ತಾ ಇದೆ. ಮಕ್ಕಳಿಗೆ ಅಂತಲೇ ಮಾಡಿರೋದು. ಟ್ರೇಲರ್ರು. ಎರಡು ಚಕ್ರ, ಒಳಗೆ ಸೀಟು, ಬೆಲ್ಟು, ಮೇಲೊಂದು ಬಾವುಟ. ಆರ್ಡರ್ ಹಾಕಿ ಆಯ್ತು."

ಇದು ಶುದ್ಧ ಸುಳ್ಳು. ಆರ್ಡರು ಹಾಕಿದ್ದು ಭಾವನ ಕಾರು ಬೀದಿ ತಿರುಗಿದ ಮೇಲೆ. ಆದರೆ ಚೂಟಿ ಕೇಳಿಸಿಕೊಂಡುಬಿಟ್ಟಿದ್ದಳು.

"ನಂಗೇ ಗಾಡಿನಾ? ಬಾವುಟ ಇರೋದಾ?"

"ನಿಂಗೇ ಪುಟ್ಟಾ."

"ಗಾಡೀಲಿ ಆದ್ರೆ ಸ್ಕೂಲಿಗೆ ಹೋಗ್ತೀನಿ. ಅಳಲ್ಲ. ಕಂಬ ಹಿಡ್ಕೊಳಲ್ಲ. ಪ್ರಾಮಿಸ್."

ಇವರ ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ಮೂಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮಮ್ಮ ಕನ್ನಡಕದ ಮೇಲಿನಿಂದ ನೋಡಿದಳು. ಅಮ್ಮ ನಮ್ಮ ಜೊತೆಯಲ್ಲೇ ಇರುವುದು. ಮನೆಯ ಸುಪ್ರೀಂ ಕೋರ್ಟು ಅವಳೇ. "ಅಳಿಯಂದ್ರೇ, ನಿಮಗೆ ಷೂ ಲೇಸ್ ಕಟ್ಟೋಕೇ ಕಾಲು ಗಂಟೆ ಬೇಕು. ನೀವು ಕಟ್ಟಿದ ಗಾಡೀಲಿ ನನ್ನ ಮೊಮ್ಮಗಳು ಕೂರಬೇಕಾದ್ರೆ, ಅದು ಗಟ್ಟಿಯಾಗಿದೆ ಅಂತ ನಾನು ಕಣ್ಣಾರೆ ನೋಡ್ಬೇಕು. ಇಲ್ದಿದ್ರೆ ಇಲ್ಲ" ಎಂದು ತೀರ್ಪು ಕೊಟ್ಟು ಪೇಪರಿಗೆ ವಾಪಸಾದಳು.

ಗುರುವಾರ ಪೆಟ್ಟಿಗೆ ಬಂತು. ನಡುಮನೆಯ ತುಂಬ ಕೊಳವೆ, ಬಟ್ಟೆ, ಚಕ್ರ, ನಟ್ಟು ಬೋಲ್ಟು. ಬೀದಿಯ ಮೂಲೆಯಲ್ಲಿ ಸೈಕಲ್ ಶಾಪು ಇಟ್ಟಿರುವ ಪಂಕ್ಚರ್ ಮಾಮನನ್ನು ಕರೆಯೋಣವೆಂದೆ. ಇವರಿಗೆ ರೋಷ ಬಂತು. "ಇಪ್ಪತ್ತೆರಡು ವರ್ಷದಿಂದ ನಟ್ಟು ಬೋಲ್ಟಿನ ಮಧ್ಯೆ ಬದುಕಿದೀನಿ ಕಣೇ!"

"ಮಧ್ಯೆ ಬದುಕಿದೀರ. ಒಂದನ್ನಾದ್ರೂ ತಿರುಗಿಸಿದೀರಾ?"

ಜೊತೆಗೆ ಬಂದ ಪುಸ್ತಕ ಮುಂದಿಟ್ಟುಕೊಂಡು ಎರಡು ದಿನ ಸಂಜೆ ಒದ್ದಾಡಿದರು. ನ್ಯಾಯವಾಗಿ ಹೇಳಬೇಕು, ಗಾಡಿಯ ಆಕಾರವೇನೋ ಬಂತು. ಸೈಕಲ್ಲಿನ ಹಿಂಚಕ್ರದ ಎಡಗಡೆಯ ನಟ್ಟು ಬಿಚ್ಚಿ, ಕೊಂಡಿ ಕೂರಿಸಿ, ಮತ್ತೆ ನಟ್ಟು ಬಿಗಿದರು. ಗಾಡಿಯ ತೋಳನ್ನು ಆ ಕೊಂಡಿಗೆ ಸೇರಿಸಿ ಪಿನ್ನು ತೂರಿಸಿದರು. ಕೇಸರಿ ಬಾವುಟ ನೆಟ್ಟರು. ಒಂದೊಂದಕ್ಕೂ ಪುಸ್ತಕದಲ್ಲಿ ಪೆನ್ಸಿಲಿನಿಂದ ಟಿಕ್ಕು ಹಾಕಿದರು. ಚೂಟಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಅಪ್ಪನ ಸೈಕಲ್ಲಿಗೆ ಬಾಲ ಬಂತು" ಎಂದು ಹಾಡುತ್ತಿದ್ದಳು.

ಪುಸ್ತಕದ ಕೊನೆಯ ಪುಟದಲ್ಲಿ ಒಂದು ಸೂಚನೆಯಿತ್ತು. ಮಗುವನ್ನು ಕೂರಿಸುವ ಮೊದಲು ಅಷ್ಟೇ ತೂಕದ ಸಾಮಾನು ಹಾಕಿ ಓಡಿಸಿ ಅಭ್ಯಾಸ ಮಾಡಬೇಕಂತೆ. ಇವರು ಅಕ್ಷರಕ್ಕೆ ಅಕ್ಷರ ಪಾಲಿಸುವವರು. ಚೂಟಿಯನ್ನು ತೂಗಿದರು, ಹದಿನಾಲ್ಕು ಕೆಜಿ. ಶನಿವಾರ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಹದಿನಾಲ್ಕು ಕೆಜಿ ಆಲೂಗಡ್ಡೆ ತಂದು, ಮಣ್ಣು ತೊಳೆದು, ದೊಡ್ಡ ದಿಂಬಿನ ಚೀಲದಲ್ಲಿ ತುಂಬಿ ಬಾಯಿ ಕಟ್ಟಿದರು.

ಚೂಟಿ ಆ ಮೂಟೆಯನ್ನು ನೋಡಿದಳು. "ಅಪ್ಪಾ, ಇವಳು ಬೋಳು ಬೋಳಾಗಿದಾಳೆ."

ಅಲ್ಲಿಗೆ ಮುಗಿಯಿತು. ಮೂಟೆಗೆ ಅವಳ ಹಳೆಯ ಹಳದಿ ಫ್ರಾಕು ಬಂತು, ಸ್ವೆಟರು ಬಂತು, ಕಾಲುಚೀಲಕ್ಕೆ ಹಳೆ ಬಟ್ಟೆ ತುಂಬಿ ಎರಡು ಕಾಲು ಬಂದವು, ತಲೆಗೆ ಹೊಸ ಹೆಲ್ಮೆಟ್ಟು ಬಂತು. ಸ್ಕೆಚ್ ಪೆನ್ನಿನಲ್ಲಿ ಎರಡು ಕಣ್ಣು, ಒಂದು ನಗು ಬರೆದಳು. "ಇವಳು ನನ್ನ ತಂಗಿ. ತಂಗೀನ ಮೂಟೆ ಅನ್ಬಾರ್ದು. ಆಲೂಗಡ್ಡೆ ಅನ್ಬಾರ್ದು. ಅಂದ್ರೆ ಅವಳಿಗೆ ಬೇಜಾರಾಗುತ್ತೆ. ಪ್ರಾಮಿಸ್ ಮಾಡು."

ಇವರು ಪ್ರಾಮಿಸ್ ಮಾಡಿದರು. ನಮ್ಮವರದ್ದು ಒಂದು ಗುಣ, ಕೊಟ್ಟ ಮಾತಿಗೆ ತಪ್ಪುವವರಲ್ಲ. ಕೊಟ್ಟ ಮಾತು ಎಂಥದ್ದು ಎಂದು ಯೋಚಿಸುವವರೂ ಅಲ್ಲ.

ಇಷ್ಟೆಲ್ಲ ನಡೆದದ್ದು ಊಟವಾದ ಮೇಲೆ, ಅಮ್ಮ ಮಲಗಿದ್ದಾಗ. ಊಟದ ಮೇಲೆ ಅಮ್ಮ ಮಲಗಿದರೆ ಬೀದಿಯಲ್ಲಿ ಬ್ಯಾಂಡ್ ಹೋದರೂ ಏಳುವುದಿಲ್ಲ. ನಾನು ಚೂಟಿಗೆ ಸ್ಕೂಲ್ ಷೂ ಕೊಡಿಸಲು ಹೊರಟೆ. ಇವರು ತಂಗಿಗೆ ಬೆಲ್ಟು ಬಿಗಿದು, ಮುಂದಿನ ಬಲೆಯ ಪರದೆ ಎಳೆದು ಸೈಕಲ್ ಹತ್ತಿದರು. ಮುಂದೆ ನಡೆದದ್ದು ಯಾವುದೂ ನಾನು ಕಂಡದ್ದಲ್ಲ. ಹನ್ನೊಂದು ಜನ ಹನ್ನೊಂದು ಥರ ಹೇಳಿದ್ದನ್ನೆಲ್ಲ ಕೂಡಿಸಿ, ಅದರಲ್ಲಿ ನಮ್ಮವರು ಹೇಳಿದ್ದನ್ನು ಕಳೆದು ಹೇಳುತ್ತಿದ್ದೇನೆ.

ಮೊದಲನೆಯ ತಿರುವಿನಲ್ಲೇ ಎಡವಟ್ಟಾಯಿತು. ಹಿಂದೆ ಗಾಡಿಯಿದ್ದರೆ ತಿರುವನ್ನು ಅಗಲವಾಗಿ ತೆಗೆದುಕೊಳ್ಳಬೇಕು. ಇವರು ಎಂದಿನಂತೆ ಅಂಚಿಗೇ ತಿರುಗಿಸಿದರು. ಗಾಡಿಯ ಒಂದು ಚಕ್ರ ಫುಟ್‌ಪಾತ್ ಹತ್ತಿ, ಗಾಡಿ ಮಗುಚಿ ಪಕ್ಕಕ್ಕೆ ಬಿತ್ತು. ಎದುರಿನ ಮಹಡಿಯಲ್ಲಿ ನಿವೃತ್ತ ಹೆಡ್ ಮಿಸ್ ಬಟ್ಟೆ ಒಣಹಾಕುತ್ತಿದ್ದರು. ಮೂವತ್ತಾರು ವರ್ಷ ಮಕ್ಕಳನ್ನು ಕಣ್ಣಲ್ಲೇ ಹೆದರಿಸಿದವರು. ಅವರು ನೋಡನೋಡುತ್ತಿದ್ದಂತೆ ನಮ್ಮವರು ಇಳಿದು ಬಂದು, ಹಳದಿ ಫ್ರಾಕನ್ನು ಕಾಲು ಹಿಡಿದು ಹೊರಗೆಳೆದು, ತಲೆಕೆಳಗು ಮಾಡಿ ಚೆನ್ನಾಗಿ ಕುಲುಕಿ, ಹೆಲ್ಮೆಟ್ಟಿನ ಮೇಲೆ ಎರಡು ಗುದ್ದು ಗುದ್ದಿ, "ನೆಟ್ಟಗೆ ಕೂರೋಕಾಗಲ್ವಾ ನಿಂಗೆ? ಒಂದೇ ಕಡೆ ವಾಲ್ತೀಯಲ್ಲ!" ಎಂದು ಬೈದು ವಾಪಸು ತುರುಕಿದರು.

"ಏನ್ರೀ ಅದು! ಪೆಟ್ಟಾಯ್ತೇನ್ರೀ?" ಹೆಡ್ ಮಿಸ್ ಕೈಯಿಂದ ಒದ್ದೆ ಟವೆಲ್ಲು ಬೀದಿಗೆ ಬಿತ್ತು.

ಇವರು ತಲೆಯೆತ್ತಿ ಹಲ್ಲು ಬಿಟ್ಟರು. "ಏನಿಲ್ಲ ಮಿಸ್! ಕೆಳಗಡೆ ಸ್ವಲ್ಪ ನಜ್ಜಾಗಿರ್ಬಹುದು ಅಷ್ಟೆ. ಪರವಾಗಿಲ್ಲ. ಸೋಮವಾರ ಕಳೀಲಿ, ಆಮೇಲೆ ಹೆಚ್ಚಿ ಬೇಯಿಸ್ಬಿಡ್ತೀವಿ."

ಹೆಡ್ ಮಿಸ್ ಮಹಡಿಯ ಕಂಬಿ ಹಿಡಿದುಕೊಂಡು ಕೂತರು. ಆಮೇಲೆ ಎದ್ದು ಸರ್ಕಲ್ಲಿನ ಪೊಲೀಸ್ ಚೌಕಿಗೆ ಫೋನ್ ಮಾಡಿದರು.

ಅಷ್ಟರಲ್ಲಿ ನಮ್ಮವರು ಚಕ್ರಕ್ಕೆ ಗಾಳಿ ಹೊಡೆಸಲು ಪಂಕ್ಚರ್ ಮಾಮನ ಅಂಗಡಿಗೆ ಹೋಗಿದ್ದರು. ಮಾಮ ಗಾಳಿ ಹಾಕುತ್ತ ಬಲೆಯೊಳಗೆ ಇಣುಕಿದ. ಹೆಲ್ಮೆಟ್ಟು, ಫ್ರಾಕು, ನಗುಮುಖ. "ಚೂಟಿಯಮ್ಮ ಇವತ್ತು ಭಾರಿ ಸೈಲೆಂಟು?"

"ಚೂಟಿ ಅಲ್ಲ ಮಾಮ, ಅವಳ ತಂಗಿ."

ಮಾಮ ಪಂಪು ನಿಲ್ಲಿಸಿದ. "ತಂಗಿನಾ? ಯಾವಾಗ?"

"ಇವತ್ತು ಬೆಳಿಗ್ಗೆ. ಮಾರ್ಕೆಟ್ಟಿಂದ ತಂದೆ. ಹದಿನಾಲ್ಕು ಕೆಜಿ. ಮೈಯೆಲ್ಲ ಮಣ್ಣಿತ್ತು, ತೊಳೆದು ರೆಡಿ ಮಾಡಿದೀನಿ."

ಮಾಮ ಕಕ್ಕಾಬಿಕ್ಕಿಯಾಗಿ ನೆಲ ನೋಡಿದ. ನೆಲ ನೋಡಿದಾಗ ಸೈಕಲ್ಲಿನ ಹಿಂಚಕ್ರವೂ ಕಂಡಿತು. "ಅಲ್ಲಾ, ಈ ಕೊಂಡಿ ಹತ್ರ ಒಂದು ಕ್ಲಿಪ್ಪು..." ಎಂದು ಬಾಯಿ ತೆಗೆದ.

"ಬರ್ತೀನಿ ಮಾಮ. ಬಿಸಿಲಲ್ಲಿ ಬಹಳ ಹೊತ್ತು ಬಿಟ್ರೆ ಹಸಿರಾಗ್ಬಿಡ್ತಾಳೆ" ಎಂದು ಇವರು ಪೆಡಲ್ ತುಳಿದೇಬಿಟ್ಟರು. ಮಾಮನಿಗೆ ಬಾಯಿಗೆ ಬಂದ ಕ್ಲಿಪ್ಪು ಗಂಟಲಿಗೇ ವಾಪಸು ಹೋಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು ನಮ್ಮ ಮನೆಯ ಕಡೆ ಓಡಿದ.

ಇವರು ಸರ್ಕಲ್ಲಿನವರೆಗೂ ಇಳಿದು ಒಂದು ಸುತ್ತು ಹೊಡೆದು ಮನೆಯ ಕಡೆ ತಿರುಗಿದರು. ಅಲ್ಲಿಂದ ನಮ್ಮ ಮನೆಗೆ ಏರು ದಾರಿ. ಏರಿನ ಅರ್ಧದಲ್ಲಿ ಇವರಿಗೆ ಸೈಕಲ್ಲು ಇದ್ದಕ್ಕಿದ್ದಂತೆ ಹಗುರವಾಯಿತಂತೆ. ಒಂದೇ ಮಧ್ಯಾಹ್ನದ ಅಭ್ಯಾಸಕ್ಕೆ ಕಾಲಿಗೆ ಎಂಥ ಶಕ್ತಿ ಬಂತಲ್ಲ ಎಂದು ಹಿಗ್ಗಿದರಂತೆ. ಸೀಟಿ ಬೇರೆ ಹಾಕಿದರಂತೆ. ಹಿಂದೆ ಪಿನ್ನು ಅಲುಗಿ ಅಲುಗಿ ಮೇಲೆದ್ದು ಉದುರಿ, ಗಾಡಿ ಕಳಚಿಕೊಂಡು, ತೋಳನ್ನು ನೆಲಕ್ಕೆ ಗೀರುತ್ತ, ಬಾವುಟ ಹಾರಿಸುತ್ತ ಇಳಿಜಾರಿನಲ್ಲಿ ಹಿಂದು ಹಿಂದಾಗಿ ಹೊರಟಿತ್ತು.

ಸರ್ಕಲ್ಲಿನಲ್ಲಿ ಪೇದೆ ಅದೇ ತಾನೆ ಹೆಡ್ ಮಿಸ್ಸಿನ ಫೋನು ಮುಗಿಸಿ ಹೊರಗೆ ಬಂದಿದ್ದ. ನೋಡುತ್ತಾನೆ, ಕೇಸರಿ ಬಾವುಟದ ಗಾಡಿ ಯಾರ ಹಂಗೂ ಇಲ್ಲದೆ ತಾನೇ ಬರುತ್ತಿದೆ. ಅಭ್ಯಾಸಬಲದಿಂದ ಕೈ ಅಡ್ಡ ಚಾಚಿ ಸೀಟಿ ಊದಿದ. ಗಾಡಿ ಅವನ ಕಾಲಬುಡದ ಕಲ್ಲಿಗೆ ಬಡಿದು ನಿಂತಿತು. ಆ ಸರ್ಕಲ್ಲಿನಲ್ಲಿ ಅವನು ಕೈ ತೋರಿಸಿದಾಗ ನಿಂತ ಮೊದಲ ವಾಹನ ಅದೇ ಎಂದು ಜನ ಹೇಳುತ್ತಾರೆ. ಅವನು ಬಲೆಯೊಳಗೆ ನೋಡಿದ. ಮಗು ಪಿಟ್ಟೆನ್ನದೆ ನಗುತ್ತಿತ್ತು. ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಗಾಡಿಯ ತೋಳು ಹಿಡಿದು ಮೆಲ್ಲಗೆ ಏರು ಹತ್ತತೊಡಗಿದ. ಅಂಗಡಿಗಳಿಂದ ಒಬ್ಬೊಬ್ಬರೇ ಇಳಿದು ಹಿಂದೆ ನಡೆದರು.

ಇತ್ತ ನಮ್ಮ ಮನೆಯ ಗೇಟಿನಲ್ಲಿ ಅಮ್ಮ ನಿಂತಿದ್ದಳು. ಹೆಡ್ ಮಿಸ್ ಒಂದು ಕಾಲಿಗೆ ಅವರದು, ಇನ್ನೊಂದು ಕಾಲಿಗೆ ಅವರ ಯಜಮಾನರದು ಚಪ್ಪಲಿ ಹಾಕಿಕೊಂಡು ಬಂದು, ಅಮ್ಮನನ್ನು ಎಬ್ಬಿಸಿ, ಕಂಡದ್ದನ್ನೆಲ್ಲ ಹೇಳಿದ್ದರು. ಏದುಸಿರು ಬಿಡುತ್ತ ಬಂದ ಪಂಕ್ಚರ್ ಮಾಮ ತನ್ನದನ್ನೂ ಸೇರಿಸಿದ್ದ. ಮನೆಯಲ್ಲಿ ಚೂಟಿ ಇಲ್ಲ, ನಾನೂ ಇಲ್ಲ. ಆಗ ನಮ್ಮವರು ಸೀಟಿ ಹಾಕುತ್ತ ಬಂದು, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಬೆವರು ಒರೆಸಿಕೊಂಡು, "ಫಸ್ಟ್ ಕ್ಲಾಸ್ ಅತ್ತೆ!" ಎಂದರು.

"ಮಗು ಎಲ್ಲಿ?" ಅಮ್ಮ ಕೇಳಿದಳು.

ಇವರು ಹಿಂದೆ ತಿರುಗಿ ನೋಡಿದರು. ಸೈಕಲ್ಲಿನ ಹಿಂದೆ ಬೀದಿ ಮಾತ್ರ ಇತ್ತು. "ಅರೆ! ಇಲ್ಲೇ ಇದ್ಲು. ಎಲ್ಲೋ ಬಿದ್ದುಹೋಗಿದಾಳೆ ಅನ್ಸುತ್ತೆ."

"ಬಿದ್ದು ಹೋಗಿದಾಳಾ!"

"ಗಾಬರಿ ಮಾಡ್ಕೋಬೇಡಿ ಅತ್ತೆ. ಮಾರ್ಕೆಟ್ಟು ಆರು ಗಂಟೆವರೆಗೂ ತೆಗ್ದಿರುತ್ತೆ. ಇನ್ನೊಂದು ತಂದ್ರಾಯ್ತು. ಫ್ರಾಕು ಹೋಯ್ತಲ್ಲ ಅಂತ ಬೇಜಾರು ಅಷ್ಟೆ."

ನನ್ನ ಅಮ್ಮನ ಬಾಯಿಂದ ಮಾತು ಹೊರಡದಿದ್ದದ್ದು ಅವಳ ಅರವತ್ತೆಂಟು ವರ್ಷದಲ್ಲಿ ಅದೇ ಮೊದಲು. ಹೆಡ್ ಮಿಸ್ ಮಾತ್ರ, "ನಿಮ್ಮಂಥ ತಂದೇನ ನಾನು ಎಲ್ಲೂ ನೋಡಿಲ್ಲ ಕಣ್ರೀ!" ಎಂದು ಕೂಗಿದರು. ಇದನ್ನು ಇವರು ಹೊಗಳಿಕೆ ಎಂದುಕೊಂಡು ನಾಚಿಕೊಂಡರು.

ನಾನು ಚೂಟಿಯನ್ನು ಕರೆದುಕೊಂಡು ಬೀದಿಯ ಮೇಲಿನ ತುದಿಯಿಂದ ಬರುವುದಕ್ಕೂ, ಕೆಳಗಿನ ತುದಿಯಿಂದ ಪೇದೆ ಮೆರವಣಿಗೆ ಸಮೇತ ಬರುವುದಕ್ಕೂ ಸರಿಹೋಯಿತು. ಟೋಪಿಯಿಲ್ಲದ ಪೇದೆ, ತಲೆ ತಗ್ಗಿಸಿದ ಮೂವತ್ತು ಜನ, ನಡುವೆ ನಮ್ಮ ಗಾಡಿ. ನನ್ನ ಕೈಯಲ್ಲಿ ಚೂಟಿಯ ಕೈ ಇದೆ ಎನ್ನುವುದೇ ಒಂದು ಕ್ಷಣ ಮರೆತುಹೋಯಿತು.

"ಈ ಮಗುವಿನ ತಂದೆ ಯಾರು?" ಪೇದೆ ಗಂಭೀರವಾಗಿ ಕೇಳಿದ.

"ನಾನೇ. ಸಿಕ್ಕಿದ್ಲಾ? ಥ್ಯಾಂಕ್ಸ್" ಎಂದರು ನಮ್ಮವರು.

ಅಷ್ಟರಲ್ಲಿ ಚೂಟಿ ನನ್ನ ಕೈ ಕೊಡವಿಕೊಂಡು, ಹೊಸ ಷೂ ಟಕಟಕ ಎನ್ನಿಸುತ್ತ ಜನರ ನಡುವೆ ನುಗ್ಗಿ, "ಏಯ್, ಅದು ನನ್ನ ಗಾಡಿ!" ಎಂದಳು. ಅಮ್ಮ ಚೂಟಿಯನ್ನು ನೋಡಿದಳು. ಗಾಡಿಯನ್ನು ನೋಡಿದಳು. ಮತ್ತೆ ಚೂಟಿಯನ್ನು ನೋಡಿದಳು. ಆಮೇಲೆ ಅವಳನ್ನು ಬಾಚಿ ಎತ್ತಿಕೊಂಡು ಮುಖವೆಲ್ಲ ಮುತ್ತಿಟ್ಟಳು. ಚೂಟಿ ಅಜ್ಜಿಯ ತೋಳಿನಿಂದಲೇ ಬಗ್ಗಿ ಬಲೆಯ ಪರದೆ ಸರಿಸಿ, "ತಂಗೀ, ನೋವಾಯ್ತಾ?" ಎಂದು ಹೆಲ್ಮೆಟ್ಟು ಎಳೆದಳು. ಚೀಲದ ಬಾಯಿ ಬಿಚ್ಚಿಕೊಂಡು ತಂಗಿಯ ತಲೆಯಿಂದ ಎರಡು ಆಲೂಗಡ್ಡೆ ಉರುಳಿ ಪೇದೆಯ ಬೂಟಿನ ಹತ್ತಿರ ಬಂದು ನಿಂತವು.

ಪೇದೆ ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. "ಆಲೂಗಡ್ಡೆ" ಎಂದು ಘೋಷಿಸಿ ಟೋಪಿ ಹಾಕಿಕೊಂಡ.

ಬೀದಿಗೆ ಬೀದಿಯೇ ನಕ್ಕಿತು. ಹೆಡ್ ಮಿಸ್ ನಗುತ್ತ ಅಳುತ್ತ ಕಲ್ಲಿನ ಮೇಲೆ ಕೂತರು. ನಗದೆ ಇದ್ದವನು ಪಂಕ್ಚರ್ ಮಾಮ ಒಬ್ಬನೇ. ಅವನು ಕುಕ್ಕರಗಾಲಿನಲ್ಲಿ ಕೂತು ಸೈಕಲ್ಲಿನ ಕೊಂಡಿಯ ಮೇಲೆ ಬೆರಳಾಡಿಸುತ್ತಿದ್ದ.

"ಸಾರ್, ಪಿನ್ನು ಹಾಕಿದ ಮೇಲೆ ಅದು ಮೇಲೆದ್ದು ಬರದ ಹಾಗೆ ಒಂದು ಕ್ಲಿಪ್ಪು ಕೊಟ್ಟಿರ್ತಾರೆ. ಅಕಸ್ಮಾತ್ ಅದೂ ಹೋದ್ರೆ ಗಾಡಿ ಕಳಚದ ಹಾಗೆ ಸೈಕಲ್ ಚೌಕಟ್ಟಿಗೆ ಸುತ್ತೋಕೆ ಒಂದು ಪಟ್ಟಿ ಕೊಟ್ಟಿರ್ತಾರೆ. ಎರಡೂ ಇಲ್ಲಿ ಇಲ್ವಲ್ಲ. ಪೆಟ್ಟಿಗೇಲಿ ಬಂದಿರ್ಲಿಲ್ವಾ?"

"ಬಂದಿತ್ತು ಮಾಮ! ಜೋಪಾನವಾಗಿದೆ!" ನಮ್ಮವರ ಮುಖ ಅರಳಿತು. ಒಳಗೆ ಓಡಿದರು. ಬೀರುವಿನ ಬೀಗ ತೆಗೆದ ಸದ್ದು ಬೀದಿಗೆ ಕೇಳಿಸಿತು. ದೊಡ್ಡ ಡಬ್ಬಿ ಹೊತ್ತು ತಂದು ಎಲ್ಲರೆದುರು ಅದರೊಳಗಿನ ಸಣ್ಣ ಡಬ್ಬಿ ತೆಗೆದರು. ಅದರ ಮೇಲೆ ಚೀಟಿ: "ಕ್ಲಿಪ್ಪು, ಪಟ್ಟಿ. ಅತಿ ಮುಖ್ಯ. ಕಳೆಯಬಾರದು." ಒಳಗೆ ಕ್ಲಿಪ್ಪೂ ಪಟ್ಟಿಯೂ ಹತ್ತಿಯ ಮೇಲೆ ಮಲಗಿದ್ದವು. "ಪುಸ್ತಕದಲ್ಲೇ ಬರೆದಿತ್ತು. ಇವೆರಡೂ ಎಲ್ಲಕ್ಕಿಂತ ಮುಖ್ಯ, ಕಳೆದುಹೋಗ್ಬಾರದು ಅಂತ. ಅದಕ್ಕೇ..."

ಇವರು ಡಬ್ಬಿ ನೋಡಿದರು. ಸೈಕಲ್ಲು ನೋಡಿದರು. ಅಜ್ಜಿಯ ಸೊಂಟದ ಮೇಲೆ ಕೂತು ಹೊಸ ಷೂ ಅಲ್ಲಾಡಿಸುತ್ತಿದ್ದ ಮಗಳನ್ನು ನೋಡಿದರು. ಮುಖದ ಬಣ್ಣ ಇಳಿದುಹೋಯಿತು. ಹಾಗೇ ಮೆಟ್ಟಿಲ ಮೇಲೆ ಕುಸಿದರು.

"ಇದರಲ್ಲಿ ಇವಳು ಇದ್ದಿದ್ರೆ..." ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೇಳಬೇಕೆಂದುಕೊಂಡಿದ್ದ ಮಾತುಗಳೂ ಒಂದು ಹೊರೆಯಿದ್ದವು. ಆದರೆ ಆ ಮುಖ ನೋಡಿ ಒಂದೂ ಬಾಯಿಗೆ ಬರಲಿಲ್ಲ.

"ಗಾಡಿ ವಾಪಸು ಕಳಿಸ್ಬಿಡ್ತೀನಿ. ನನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದರು ಕೊನೆಗೆ.

ಚೂಟಿ ಅಜ್ಜಿಯ ಸೊಂಟದಿಂದ ಜಾರಿ ಇಳಿದಳು. ನೆಟ್ಟಗೆ ನಮ್ಮ ಮನೆಯ ಗೇಟಿನ ಕಂಬಕ್ಕೆ ಹೋಗಿ, ಎರಡು ಕೈಯಲ್ಲೂ ತಬ್ಬಿಕೊಂಡು, ಬಾಯಿ ತೆಗೆಯಲು ತಯಾರಾಗಿ ನಿಂತಳು. ಸೋಮವಾರದ ರಿಹರ್ಸಲ್ಲು ಎಲ್ಲರ ಕಣ್ಣೆದುರು ಶನಿವಾರವೇ ನಡೆಯುವುದರಲ್ಲಿತ್ತು.

"ತಡಿ" ಎಂದಳು ಅಮ್ಮ. ಅಳಿಯನ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಳಿಯಂದ್ರೇ, ನೀವು ಪೆದ್ದರು. ಇದು ಹೊಸ ವಿಷಯ ಅಲ್ಲ. ಆದ್ರೆ ಬೇರೆ ಯಾರಾದ್ರೂ ಆಗಿದ್ರೆ ಗುರುವಾರಾನೇ ಮಗೂನ ಕೂರಿಸ್ಕೊಂಡು ಷಡ್ಡಕನ ಮನೆ ಮುಂದೆ ನಾಲ್ಕು ಸುತ್ತು ಹೊಡೆದಿರ್ತಿದ್ರು. ನೀವು ಮೊದಲು ಆಲೂಗಡ್ಡೆ ಕೂರಿಸಿದ್ರಿ. ಮೊದಲು ಆಲೂಗಡ್ಡೆ ಕೂರಿಸೋ ಅಷ್ಟು ಬುದ್ಧಿ ಇರೋನಿಗೆ ಉಳಿದದ್ದನ್ನ ಕಲಿಸ್ಬಹುದು. ಮಾಮ, ನಾಳೆ ಬೆಳಿಗ್ಗೆ ಬಾ. ನನ್ನ ಕಣ್ಣೆದುರಿಗೆ ಕಲಿಸು. ಕೈ ನಿಂದಲ್ಲ, ಇವರದೇ ಆಡ್ಬೇಕು."

ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ನಡೆದ ಪಾಠ ಈಗಲೂ ಬೀದಿಯಲ್ಲಿ ಮಾತಾಗುತ್ತದೆ. ಮಾಮ ಕೈಕಟ್ಟಿ ನಿಂತು ಹೇಳಿದ, ನಮ್ಮವರು ಮಾಡಿದರು. ಹಿಂಚಕ್ರದ ನಟ್ಟು ಬಿಚ್ಚಿ, ಕೊಂಡಿ ಸರಿಯಾಗಿ ಕೂತಿದೆಯೇ ನೋಡಿ, ಸ್ಪ್ಯಾನರು ನರಳುವವರೆಗೆ ಬಿಗಿದರು. ತೋಳು ಸೇರಿಸಿದರು. ಏರಿನಲ್ಲಿ ಉದುರಿದ್ದ ಪಿನ್ನನ್ನು ಮಾಮ ಹುಡುಕಿ ತಂದಿದ್ದ. ಪಿನ್ನು ತೂರಿಸಿದರು. ಆಮೇಲೆ ಡಬ್ಬಿಯ ಮುಂದೆ ಕೂತರು.

ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ಡಬ್ಬಿಯವರೆಗೆ ಹೋಗುತ್ತಿತ್ತು, ವಾಪಸು ಬರುತ್ತಿತ್ತು. "ಮಾಮ, ರಸ್ತೇಲಿ ಎಲ್ಲಾದ್ರೂ ಬಿದ್ದು ಕಳೆದುಹೋದ್ರೆ?"

"ಅದಿರೋದೇ ಅಲ್ಲಿಗೆ ಸಾರ್" ಎಂದ ಮಾಮ ಮೆತ್ತಗೆ.

ಇವರು ಒಮ್ಮೆ ಚೂಟಿಯನ್ನು ನೋಡಿದರು. ಉಸಿರು ಬಿಗಿಹಿಡಿದು ಕ್ಲಿಪ್ಪು ಎತ್ತಿ ಪಿನ್ನಿಗೆ ಹಾಕಿದರು. ಪಟ್ಟಿಯನ್ನು ಸೈಕಲ್ ಚೌಕಟ್ಟಿನ ಸುತ್ತ ತಂದು ಗಾಡಿಯ ತೋಳಿಗೆ ಸಿಕ್ಕಿಸಿದರು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಪರೀಕ್ಷೆ. ಹೆಡ್ ಮಿಸ್ ಕುರ್ಚಿ ಹಾಕಿಸಿಕೊಂಡು ಬಾಯಿಪಾಠ ಕೇಳಿದರು. "ಪಿನ್ನು ಆದ ಮೇಲೆ?"

"ಕ್ಲಿಪ್ಪು ಮಿಸ್."

"ಕ್ಲಿಪ್ಪು ಆದ ಮೇಲೆ?"

"ಪಟ್ಟಿ ಮಿಸ್."

"ತಿರುವಿನಲ್ಲಿ?"

"ಅಗಲ ಮಿಸ್. ನಿಧಾನ ಮಿಸ್."

"ಮಗು ಬಿದ್ದುಹೋದ್ರೆ?"

"ಮಾರ್ಕೆ... ಇಲ್ಲ ಮಿಸ್! ಬೀಳಲ್ಲ ಮಿಸ್! ಬೆಲ್ಟು ಮಿಸ್!"

ಡ್ಯೂಟಿ ಮುಗಿಸಿ ಬಂದಿದ್ದ ಪೇದೆ ಗಾಡಿ ಹಿಡಿದು ಎಳೆದ, ಬರಲಿಲ್ಲ. ಅಮ್ಮ ಅಲ್ಲಾಡಿಸಿದಳು, ಜಗ್ಗಿದಳು, ಪಿನ್ನು ತೆಗೆಸಿ ಗಾಡಿ ಕಳಚುತ್ತದೆಯೇ ಎಂದೂ ನೋಡಿದಳು. ಪಟ್ಟಿ ಹಿಡಿದು ನಿಲ್ಲಿಸಿತು. ಎಲ್ಲ ಮತ್ತೆ ಹಾಕಿಸಿ, ತಂಗಿಯನ್ನು ಕೂರಿಸಿ ಹತ್ತು ಸುತ್ತು ಓಡಿಸಿದಳು. ಹತ್ತನೆಯ ಸುತ್ತಿಗೆ ಇವರ ತಿರುವು ಎಷ್ಟು ಅಗಲವಾಗಿತ್ತೆಂದರೆ, ಹಿಂದೆ ಬರುತ್ತಿದ್ದ ಎರಡು ಸ್ಕೂಟರು ಕಾದು ನಿಂತವು. ಅಮ್ಮ ತಲೆಯಾಡಿಸಿದಳು. "ಕೂರಿಸಿ."

ಸೋಮವಾರ ಬೆಳಿಗ್ಗೆ ಚೂಟಿ ಬಲೆಯೊಳಗೆ ಬೆಲ್ಟು ಹಾಕಿ ಹೆಲ್ಮೆಟ್ಟು ತೊಟ್ಟು ಕೂತಳು. ಇವರು ಕ್ಲಿಪ್ಪು ಮುಟ್ಟಿ ನೋಡಿದರು. ಪಟ್ಟಿ ಮುಟ್ಟಿ ನೋಡಿದರು. ಬೀದಿ ತಿರುಗುವವರೆಗೂ ಚೂಟಿ ಎಲ್ಲರಿಗೂ ಕೈಬೀಸುತ್ತಲೇ ಇದ್ದಳು. ಕೇಸರಿ ಬಾವುಟ ಇಳಿಜಾರಿನಲ್ಲಿ ಮರೆಯಾಯಿತು. ಸರ್ಕಲ್ಲಿನಲ್ಲಿ ಪೇದೆ ನಾಲ್ಕೂ ಕಡೆಯ ವಾಹನ ನಿಲ್ಲಿಸಿ ದಾರಿ ಬಿಟ್ಟನಂತೆ.

ನಾನು ಒಳಗೆ ಬಂದೆ. ಕೈಗೆ ಕೆಲಸ ಹತ್ತಲಿಲ್ಲ. ಬೀರುವಿನ ಬಾಗಿಲು ತೆರೆದೇ ಇತ್ತು, ಸಣ್ಣ ಡಬ್ಬಿ ಮೇಲೆಯೇ ಇತ್ತು. ಹಳೆಯ ಚೀಟಿಯ ಮೇಲೆ ಗೀಟು ಎಳೆದು ಕೆಳಗೆ ಇವರು ಬರೆದಿದ್ದರು: "ಖಾಲಿ. ಬಳಕೆಯಲ್ಲಿದೆ." ಎಂಟು ವರ್ಷದಲ್ಲಿ ಆ ಮಾತನ್ನು ಅವರ ಅಕ್ಷರದಲ್ಲಿ ನಾನು ನೋಡಿರಲಿಲ್ಲ.

ಮುಕ್ಕಾಲು ಗಂಟೆಗೆ ಸೈಕಲ್ಲಿನ ಗಂಟೆ ಕೇಳಿಸಿತು. ಓಡಿ ಹೊರಗೆ ಬಂದೆ. ಅಮ್ಮ ಆಗಲೇ ಗೇಟಿನಲ್ಲಿದ್ದಳು, ಹೆಡ್ ಮಿಸ್ ಮಹಡಿಯಿಂದ ಅರ್ಧ ಹೊರಗೆ ಬಾಗಿದ್ದರು, ಮಾಮ ಅಂಗಡಿ ಬಿಟ್ಟು ಬಂದಿದ್ದ. ಗಾಡಿಯೊಳಗೆ ಖಾಲಿ ಸೀಟಿಗೆ ಬೆಲ್ಟು ಬಿಗಿದಿತ್ತು.

"ಮಗು ಎಲ್ಲಿ?" ಅಮ್ಮ ಕೇಳಿದಳು.

ಇವರು ಮೊದಲು ಹಿಂದೆ ತಿರುಗಿ ನೋಡಿದರು. ಗಾಡಿ ಇತ್ತು. ಕ್ಲಿಪ್ಪು ಇತ್ತು. ಆಮೇಲೆ ಅಮ್ಮನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ, "ಸ್ಕೂಲಲ್ಲಿ ಅತ್ತೆ!" ಎಂದರು. "ಕಂಬ ಮುಟ್ಟಲೇ ಇಲ್ಲ. ಅಳಲಿಲ್ಲ. ತಿರುಗಿ ಕೂಡ ನೋಡ್ಲಿಲ್ಲ ಅತ್ತೆ, ಒಂದ್ಸಲಾನೂ ತಿರುಗಿ ನೋಡ್ಲಿಲ್ಲ." ಅಷ್ಟು ಹೇಳಿ, ನಮ್ಮ ಗೇಟಿನ ಕಂಬವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ಗೊಳೋ ಎಂದು ಅತ್ತರು.

ಬಿಡಿಸಲು ನಾವು ಮೂವರು ಬೇಕಾದೆವು.